ತಂಡೇಲನ ಮಾತಿಗೆ ಬೆಲೆ ಇರಲಿ

ಮೀನಿಲ್ಲದ ಮಧ್ಯಾಹ್ನದ ಊಟ ನಮ್ಮ ಮನೆಗಳಲ್ಲಿ ಊಟವೇ ಅಲ್ಲ. ಬೂತಾಯಿಗೆ ಇವತ್ತು ಎಷ್ಟು, ಬಂಗುಡೆ ಬಂದಿದೆಯಾ, ಅಂಜಲ್ ಯಾಕೆ ಇಷ್ಟು ದುಬಾರಿ ಎಂಬ ಮಾತು ಬಂದರಿನಿಂದ ಬಿ.ಸಿ.ರೋಡಿನವರೆಗೆ, ಉಳ್ಳಾಲದಿಂದ ಉಪ್ಪಿನಂಗಡಿವರೆಗೆ ಎಲ್ಲ ಅಡುಗೆಮನೆಗಳಲ್ಲೂ ದಿನಾ ನಡೆಯುತ್ತದೆ. ಮೀನಿನ ಕಿವಿರು ಎತ್ತಿ ನೋಡಿ ಅದು ಎಷ್ಟು ದಿನದ್ದು ಎಂದು ಹೇಳುವ ಉಮ್ಮಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಆ ಮೀನು ತಂದ ಬೋಟನ್ನು ನಡೆಸಿದವ ಯಾರು, ಅವನಿಗೆ ಆ ಜಾಗ ಹೇಗೆ ಗೊತ್ತಾಯಿತು, ಗಾಳಿ ತಿರುಗಿದಾಗ ಅವ ಏನು ಮಾಡಿದ ಎಂದು ನಾವು ಕೇಳುವುದಿಲ್ಲ. ಮೀನಿಗೆ ಬೆಲೆ ಕಟ್ಟುತ್ತೇವೆ, ಕಡಲು ಬಲ್ಲವನ ಬುದ್ಧಿಗೆ ಕಟ್ಟುವುದಿಲ್ಲ. ಈ ವಾರ ಆ ಬಗ್ಗೆಯೇ ನಾಲ್ಕು ಮಾತು ಹೇಳಬೇಕಾಗಿದೆ.

ಯಾಕೆಂದರೆ ಇತ್ತೀಚೆಗೆ ನಮ್ಮ ಹುಡುಗರಲ್ಲಿ ಒಂದು ಹೊಸ ಹುರುಪು ಕಾಣುತ್ತಿದೆ. ಗಲ್ಫಿನಿಂದ ರಜೆಗೆ ಬಂದವರು, ಕಾಲೇಜಿಗೆ ಹೋಗುವವರು, ಅಂಗಡಿಗೆ ಶುಕ್ರವಾರ ರಜೆ ಹಾಕಿದವರು ನಾಲ್ಕೈದು ಮಂದಿ ಸೇರಿ ಒಂದು ದೋಣಿ ಮಾಡಿಕೊಂಡು ಗಾಳ ಹಾಕಲು ಹೊರಕಡಲಿಗೆ ಹೋಗುತ್ತಾರೆ. ಕೈಯಲ್ಲಿ ಹತ್ತು ಹದಿನೈದು ಸಾವಿರದ ರಾಡು, ಮೊಬೈಲಿನಲ್ಲಿ ನಕ್ಷೆ. ಸಂಜೆ ದೊಡ್ಡ ಮೀನು ಎತ್ತಿ ಹಿಡಿದ ಫೋಟೋ ಸ್ಟೇಟಸ್ಸಿಗೆ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಮೊಬೈಲು ಹಿಡಿದು ಮೂಲೆಯಲ್ಲಿ ಕೂರುವುದಕ್ಕಿಂತ ಕಡಲಿನ ಗಾಳಿ ಸಾವಿರ ಪಾಲು ಒಳ್ಳೆಯದು. ಆದರೆ ಆ ಫೋಟೋಗಳಲ್ಲಿ ಎರಡು ವಿಷಯ ಕಾಣುವುದಿಲ್ಲ: ಒಂದು, ಮೈಮೇಲೆ ಲೈಫ್ ಜಾಕೆಟ್. ಇನ್ನೊಂದು, ತಲೆ ನರೆತ ಒಬ್ಬ ತಂಡೇಲ.

ಒಂದು ದಿನದ ಪಾಠ

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ನಾವು ಕೆಲವರು ಬೆಂಗ್ರೆ ಕಡೆಯ ಒಬ್ಬ ಹಿರಿಯ ತಂಡೇಲರ ಜೊತೆ ಒಂದು ಇಡೀ ದಿನ ಗಾಳದ ದೋಣಿಯಲ್ಲಿ ಹೋಗಿದ್ದೆವು. ನಲ್ವತ್ತು ವರ್ಷ ಟ್ರಾಲ್ ಬೋಟು, ಪರ್ಸಿನ್ ಬೋಟು, ಗಿಲ್‌ನೆಟ್ ಎಲ್ಲದರಲ್ಲೂ ದುಡಿದವರು. ಈಗ ಸ್ವಂತ ಸಣ್ಣ ದೋಣಿ. ಊರೆಲ್ಲ ಅವರನ್ನು ಕರೆಯುವುದು ಕಾಕ ಎಂದೇ. ಆ ಒಂದು ದಿನದಲ್ಲಿ ನಾವು ಕಂಡದ್ದನ್ನು ಇಲ್ಲಿ ಬರೆಯುವುದು ಮೀನಿನ ಕಥೆ ಹೇಳಲು ಅಲ್ಲ, ಅವರ ತಲೆಯಲ್ಲಿರುವ ವಿದ್ಯೆ ಎಂಥದ್ದು ಎಂದು ತೋರಿಸಲು.

ಸುಬಹ್ ನಮಾಝ್ ಮುಗಿಸಿ ಧಕ್ಕೆಗೆ ಬಂದರೆ ದೋಣಿ ಸಿದ್ಧವಾಗಿತ್ತು. ಆದರೆ ಕಾಕ ಹೊರಡಲಿಲ್ಲ. ಅರ್ಧ ಗಂಟೆ ಅಳಿವೆ ಬಾಗಿಲನ್ನೇ ನೋಡುತ್ತಾ ಕೂತರು. ಕೇಳಿದ್ದಕ್ಕೆ, ‘ನೀರು ಇಳೀತಾ ಉಂಟು ಮೋನೇ, ಸ್ವಲ್ಪ ನಿಲ್ಲಲಿ’ ಎಂದರು. ನೇತ್ರಾವತಿಯೂ ಫಲ್ಗುಣಿಯೂ ಒಟ್ಟಿಗೆ ಕಡಲು ಸೇರುವ ಈ ಜಾಗದಲ್ಲಿ ಹೂಳು ತುಂಬಿ ಮರಳಿನ ದಿಬ್ಬ ಏಳುವುದು ಹೊಸದಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ನುಗ್ಗುತ್ತದೆ, ಎರಡೂ ದಿಬ್ಬದ ಮೇಲೆ ಡಿಕ್ಕಿ ಹೊಡೆದು ಅಲೆ ನೆಟ್ಟಗೆ ಎದ್ದು ಮುರಿಯುತ್ತದೆ. ಹೊರಕಡಲಿನಲ್ಲಿ ಏನೂ ಆಗದ ದೋಣಿ ಮನೆಯ ಹೊಸ್ತಿಲಲ್ಲೇ ಮಗುಚುವುದು ಹೀಗೆ. ದೋಣಿ ಹೋಗುವುದು ನಡುಕಡಲಿನಲ್ಲಿ ಎಂದು ನಾವು ತಿಳಿದಿದ್ದರೆ, ಬಾಗಿಲಲ್ಲಿ ಹೋದ ದೋಣಿಗಳ ಲೆಕ್ಕ ಕಾಕನ ಬಾಯಿಯಲ್ಲಿತ್ತು. ಅಲೆಗಳನ್ನು ಎಣಿಸಿ, ದೊಡ್ಡವು ಸಾಲಾಗಿ ಬಂದುಹೋದ ಮೇಲೆ ಸಿಗುವ ಬಿಡುವಿನಲ್ಲಿ ದೋಣಿ ದಾಟಿಸಿದರು. ಆ ಎಣಿಕೆ ಯಾವ ಮೊಬೈಲಿನಲ್ಲೂ ಇಲ್ಲ.

ಅಲ್ಲಿಂದ ಪಡುವಣಕ್ಕೆ ಸುಮಾರು 20 ನಾಟಿಕಲ್ ಮೈಲು. ನಮ್ಮ ಲೆಕ್ಕದಲ್ಲಿ 37 ಕಿಲೋಮೀಟರ್. ದೋಣಿಯ ವೇಗಕ್ಕೆ ಮೂರು ಗಂಟೆ ಹತ್ತಿರ. ಕಾಕನ ಹತ್ತಿರ ಜಿಪಿಎಸ್ ಇದೆ, ಮೀನು ತೋರಿಸುವ ಯಂತ್ರವೂ ಇದೆ. ಕಡಲೊಳಗಿನ ಒಂದೊಂದು ಕಲ್ಲುಪಾದೆಗೂ ಅದರಲ್ಲಿ ಒಂದೊಂದು ನಂಬರು ಹಾಕಿಟ್ಟಿದ್ದಾರೆ. ಆದರೆ ದಾರಿಯುದ್ದಕ್ಕೂ ಅವರ ಕಣ್ಣು ಹೆಚ್ಚಾಗಿ ಇದ್ದದ್ದು ಹಿಂದಕ್ಕೆ, ದಡದ ಕಡೆಗೆ. ಸುರತ್ಕಲ್ಲಿನ ದೀಪಸ್ತಂಭ ಎಲ್ಲಿದೆ, ಅದರ ಹಿಂದೆ ಯಾವ ಗುಡ್ಡ ಬಂತು, ಎರಡೂ ಒಂದೇ ಗೆರೆಗೆ ಬಂದವಾ ಎಂದು ನೋಡುತ್ತಿದ್ದರು. ಆಕಾಶ ತೊಳೆದಂತಿದ್ದ ಆ ಬೆಳಿಗ್ಗೆ ದೂರದಲ್ಲಿ ಕುದುರೆಮುಖ ನೀಲಿಯಾಗಿ ಕಾಣುತ್ತಿತ್ತು. ಆ ಶಿಖರಕ್ಕೆ ಕುದುರೆಯ ಮುಖದ ಹೆಸರು ಬಂದದ್ದೇ ಅದರ ಆಕಾರದಿಂದ, ಹಿಂದಿನ ನಾವಿಕರಿಗೆ ಸುಮಾರು 1,890 ಮೀಟರ್ ಎತ್ತರದ ಆ ಬೆಟ್ಟ ಕಡಲಿನಿಂದ ಕಾಣುವ ಗುರುತುಕಲ್ಲು. ‘ಯಂತ್ರ ಹಾಳಾದ್ರೆ ಬೆಟ್ಟ ಹಾಳಾಗುದಿಲ್ಲ’ ಎಂದರು ಕಾಕ.

ನಿಂತ ಜಾಗದಲ್ಲಿ ಆಳ ಇಪ್ಪತ್ತೈದು ಮಾರು. ನಮ್ಮ ಜೊತೆಗಿದ್ದ ಹುಡುಗ ತನ್ನ ಹೊಸ ಗಾಳ ತೆಗೆದಾಗ ಕಾಕ ಅದನ್ನು ಬದಿಗಿಟ್ಟು ತಮ್ಮ ದೊಡ್ಡ ಗಾಳ ಕೊಟ್ಟರು. ಕಾರಣ ಕೇಳಿ ನಮಗೇ ಆಶ್ಚರ್ಯವಾಯಿತು. ಮುರು ಮೀನು, ಕೆಂಬೇರಿ ಇವೆಲ್ಲ ಆಳದ ಮೀನುಗಳು. ಬೇಗ ಮೇಲೆ ಎಳೆದರೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ ಬಾಯಿಯವರೆಗೆ ಬರುತ್ತದೆ. ಸಣ್ಣ ಮರಿ ಸಿಕ್ಕಿತು ಎಂದು ನಾವು ದಯೆಯಿಂದ ವಾಪಸ್ ಬಿಟ್ಟರೂ ಅದು ಬಹಳಷ್ಟು ಸಲ ಬದುಕುವುದಿಲ್ಲ. ಹಾಗಾಗಿ ಸಿಕ್ಕಿದ ಮೇಲೆ ಬಿಡುವುದಲ್ಲ, ಸಣ್ಣದು ಕಚ್ಚದ ಹಾಗೆ ಗಾಳವನ್ನೇ ದೊಡ್ಡದು ಹಾಕಬೇಕು. ಮುರು ಮೀನಿನ ಜಾತಿಯಲ್ಲಿ ಹೆಚ್ಚಿನವು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಸಣ್ಣದನ್ನೆಲ್ಲ ಹಿಡಿದರೆ ಮುಂದೆ ಮೊಟ್ಟೆ ಇಡುವವು ಇಲ್ಲ, ದೊಡ್ಡದನ್ನೆಲ್ಲ ಹಿಡಿದರೆ ಗಂಡೇ ಇಲ್ಲ. ಕಾಕನಿಗೆ ಈ ಪುಸ್ತಕದ ಮಾತು ಗೊತ್ತಿಲ್ಲ. ‘ಒಂದೇ ಪಾದೆಗೆ ದಿನಾ ಹೋಗ್ಬಾರ್ದು, ಅದಕ್ಕೂ ರಜೆ ಬೇಕು’ ಎಂಬುದು ಗೊತ್ತಿದೆ.

ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಮೀನು ಚೆನ್ನಾಗಿ ಕಚ್ಚುತ್ತಿತ್ತು. ನಮ್ಮ ಕಣ್ಣಿಗೆ ಕಡಲು ಹಾಗೆಯೇ ಇತ್ತು. ಕಾಕ ಮಾತ್ರ ಹಗ್ಗ ಸುತ್ತಲು ಶುರುಮಾಡಿದರು. ಬೆಳಗಿನ ಮೂಡುಗಾಳಿ ನಿಂತು ಪಡುಗಾಳಿ ಏಳುವುದು ದಿನಾ ನಡೆಯುವ ಸಂಗತಿ, ಆದರೆ ಆ ದಿನ ಅದು ಬಂದ ದಿಕ್ಕು ಅವರಿಗೆ ಹಿಡಿಸಲಿಲ್ಲ. ಇನ್ನರ್ಧ ಗಂಟೆ ಎಂದು ಹುಡುಗರು ಅಂಗಲಾಚಿದರು. ಕಾಕ ಹೇಳಿದ್ದು ಇಷ್ಟೇ: ‘ಮೀನು ನಾಳೆಯೂ ಇರ್ತದೆ ಮೋನೇ. ನಿನ್ನ ಉಮ್ಮನಿಗೆ ನೀನು ಒಬ್ಬನೇ.’ ಅಳಿವೆ ಹತ್ತಿರ ಬರುವಾಗ ಹೊರಗೆ ಬಿಳಿ ನೊರೆ ಎದ್ದಿತ್ತು. ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಗಲ್ಫಿಗೂ ಮೊದಲು ಕಡಲಿತ್ತು

ಮೀನು ಕಚ್ಚುವಾಗ ಹಿಂದಕ್ಕೆ ತಿರುಗುವ ಧೈರ್ಯ ನಲ್ವತ್ತು ವರ್ಷದ ವಿದ್ಯೆ. ಇದಕ್ಕೆ ನಮ್ಮ ಚರಿತ್ರೆಯಲ್ಲಿ ದೊಡ್ಡ ಗೌರವದ ಜಾಗ ಇತ್ತು. ಬ್ಯಾರಿ ಎಂಬ ಹೆಸರೇ ತುಳುವಿನ ಬ್ಯಾರದಿಂದ, ಅಂದರೆ ವ್ಯಾಪಾರದಿಂದ ಬಂತೋ, ಅರಬಿಯ ಬಹ್ರ್‌ನಿಂದ, ಅಂದರೆ ಕಡಲಿನಿಂದ ಬಂತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡರಲ್ಲಿ ಯಾವುದೇ ಸರಿಯಾದರೂ ಕಡಲು ಬಿಟ್ಟು ನಾವಿಲ್ಲ. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರು, ಫಾರಿಸ್ ಮತ್ತು ಯಮನ್ ಕಡೆಯ ವರ್ತಕರು ಇಳಿಯುತ್ತಿದ್ದರು ಎಂದು ಬರೆದಿಟ್ಟಿದ್ದಾನೆ. ಆ ವರ್ತಕರನ್ನು ತಂದ ಹಡಗುಗಳನ್ನು ನಡೆಸಿದವರನ್ನು ಅರಬಿಯಲ್ಲಿ ಮುಅಲ್ಲಿಂ ಎಂದು ಕರೆಯುತ್ತಿದ್ದರು. ಮದ್ರಸದ ಮುಅಲ್ಲಿಮರಿಗೂ ಇದೇ ಹೆಸರು, ಹಡಗು ನಡೆಸುವವನಿಗೂ ಇದೇ ಹೆಸರು. ಕಲಿಸುವವ, ದಾರಿ ಬಲ್ಲವ ಎಂದರ್ಥ. ಅದೇ ಶಬ್ದ ನಮ್ಮ ಎದುರಿನ ಲಕ್ಷದ್ವೀಪದಲ್ಲಿ ಮಾಲ್ಮಿ ಎಂದಾಯಿತು. 1956ರವರೆಗೆ ಅಮಿನಿ ಕಡೆಯ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಎಷ್ಟು ಮಂದಿಗೆ ನೆನಪಿದೆ? ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ತುಂಬಿದ ಮಂಜಿಗಳು ಅಲ್ಲಿಗೆ ಹೋಗುತ್ತಿದ್ದದ್ದನ್ನು ನಮ್ಮ ಹಿರಿಯರೆಲ್ಲ ಕಂಡವರೇ.

ಹದಿನೈದನೇ ಶತಮಾನದ ದೊಡ್ಡ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಹುಟ್ಟಿದ್ದು ಜುಲ್ಫಾರಿನಲ್ಲಿ. ಅದು ಇಂದಿನ ರಾಸ್ ಅಲ್ ಖೈಮಾ. ನಕ್ಷತ್ರ, ಗಾಳಿ, ಕರಾವಳಿಯ ಗುರುತುಗಳ ಬಗ್ಗೆ ಆತ ಬರೆದ ಗ್ರಂಥವನ್ನು ಇಂದಿಗೂ ವಿದ್ವಾಂಸರು ಓದುತ್ತಾರೆ. ನಮ್ಮ ಎಷ್ಟೋ ಮಕ್ಕಳು ಅದೇ ರಾಸ್ ಅಲ್ ಖೈಮಾದಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಆ ನಾವಿಕನನ್ನು ನಾಡಿನ ಹೆಮ್ಮೆ ಎನ್ನುತ್ತಾರೆ. ಇಲ್ಲಿ ನಾವು ನಮ್ಮ ತಂಡೇಲನನ್ನು ಏನೆನ್ನುತ್ತೇವೆ? ಮದುವೆ ಮಾತುಕತೆಯಲ್ಲಿ ಹುಡುಗ ಎಂಥ ಕೆಲಸ ಎಂದು ಕೇಳಿದಾಗ ‘ಬೋಟಿಗೆ ಹೋಗುವುದು’ ಎಂದರೆ ಸ್ವರ ತಗ್ಗುತ್ತದೆ. ‘ದುಬೈಯಲ್ಲಿ’ ಎಂದರೆ ಏನು ಕೆಲಸ ಎಂದೂ ಕೇಳದೆ ಚಾಯ ಬರುತ್ತದೆ. ಕಾಕನ ಇಬ್ಬರು ಮಕ್ಕಳೂ ಗಲ್ಫಿನಲ್ಲೇ. ಅವರು ಹೋದದ್ದು ತಪ್ಪೆಂದು ನಾವು ಹೇಳುವುದಿಲ್ಲ, ಮನೆ ಕಟ್ಟಿಸಿದವರು ಅವರೇ. ಆದರೆ ನಲ್ವತ್ತು ವರ್ಷದ ಲೆಕ್ಕ ಈಗ ಯಾರಿಗೂ ದಾಟದೆ ಒಂದೇ ತಲೆಯಲ್ಲಿ ಉಳಿದಿದೆ. ಇಂದು ನಮ್ಮ ಬೋಟುಗಳಲ್ಲಿ ದುಡಿಯುವ ಕಲಾಸಿಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡಿನವರು ಬಹಳ. ಪಾಪ, ಹೊಟ್ಟೆಪಾಡಿಗೆ ಬಂದವರು. ಅವರಲ್ಲಿ ಕೆಲವರು ಕಡಲು ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ಅವರಿಗೆ ಕಲಿಸುವವರು ಯಾರು?

ಯಂತ್ರ ಸಾಲದು, ಅನುಭವವೂ ಸಾಲದು

ಜಿಪಿಎಸ್ ಇದ್ದ ಮೇಲೆ ತಂಡೇಲ ಯಾಕೆ ಎಂದು ಕೇಳುವವರಿದ್ದಾರೆ. ಜಿಪಿಎಸ್ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ, ಯಾವಾಗ ಹಿಂದೆ ಹೋಗಬೇಕು ಎಂದು ಹೇಳುವುದಿಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಕಡಲಿನಲ್ಲಿ ದೊಡ್ಡ ಸರಕು ಹಡಗೇ ಮುಳುಗಿತು. ಯಂತ್ರಕ್ಕೇನು, ಅದರಲ್ಲಿ ನಮ್ಮ ದೋಣಿಗಿಂತ ಸಾವಿರ ಪಾಲು ಹೆಚ್ಚಿತ್ತು.

ಹಾಗೆಂದು ತಂಡೇಲ ಹೇಳಿದ್ದೆಲ್ಲ ಕೊನೆಯ ಮಾತು ಎಂದೂ ಅಲ್ಲ. ಆ ದಿನ ಕಾಕ ನಮಗೆಲ್ಲ ಲೈಫ್ ಜಾಕೆಟ್ ತೊಡಿಸಿದರು. ತಮ್ಮದನ್ನು ಮಾತ್ರ ಮಡಚಿ ಅದರ ಮೇಲೆ ಕೂತರು! ‘ಸೆಕೆ ಆಗ್ತದೆ, ಬಲೆ ಎಳೆಯುವಾಗ ಸಿಕ್ಕಿಕೊಳ್ತದೆ, ನಲ್ವತ್ತು ವರ್ಷ ಇಲ್ಲದೆ ನಡೀಲಿಲ್ವಾ’ ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪುವುದಿಲ್ಲ. ನಲ್ವತ್ತು ವರ್ಷ ನಡೆಯಿತು ಎಂದು ಹೇಳಲು ಉಳಿದವರು ಮಾತ್ರ ಬರುತ್ತಾರೆ, ಹೋದವರು ಬಂದು ಸಾಕ್ಷಿ ಹೇಳುವುದಿಲ್ಲ. ಈಜು ಬಲ್ಲವನೂ ತಲೆಗೆ ಪೆಟ್ಟು ಬಿದ್ದರೆ, ಕಾಲು ಹಗ್ಗಕ್ಕೆ ಸಿಕ್ಕಿದರೆ, ರಾತ್ರಿ ನಿದ್ದೆಯಲ್ಲಿ ಬೋಟು ಮಗುಚಿದರೆ ಏನು ಮಾಡಲು ಸಾಧ್ಯ?

2020ರ ನವೆಂಬರ್ 30ರ ರಾತ್ರಿ ಮೀನು ತುಂಬಿ ಮಂಗಳೂರಿಗೆ ಮರಳುತ್ತಿದ್ದ ಪರ್ಸಿನ್ ಬೋಟು ಮಗುಚಿ ಆರು ಮಂದಿ ಹೋದರು. ಅವರಲ್ಲಿ ಮೊಗವೀರ ಸಹೋದರರೂ ಇದ್ದರು, ನಮ್ಮವರೂ ಇದ್ದರು. 2021ರ ಏಪ್ರಿಲ್‌ನಲ್ಲಿ ಬೇಪೂರಿನಿಂದ ಹೊರಟ ಬೋಟಿಗೆ ನಮ್ಮ ಕಡಲಿನಲ್ಲೇ, ಸುಮಾರು 43 ನಾಟಿಕಲ್ ಮೈಲು ಹೊರಗೆ, ನಡುರಾತ್ರಿ ಹಡಗು ಡಿಕ್ಕಿಯಾಯಿತು. ಹದಿನಾಲ್ಕು ಮಂದಿಯಲ್ಲಿ ಜೀವಂತ ಸಿಕ್ಕಿದ್ದು ಇಬ್ಬರೇ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು ಮರು ವರ್ಷದ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಬಾಗಿಲು ತೆರೆದಿಟ್ಟು ಕಾದರು.

ಇಲ್ಲಿ ವಿಜ್ಞಾನವೂ ಅನುಭವವೂ ಒಂದಕ್ಕೊಂದು ಕೈಜೋಡಿಸಬೇಕು. ಅದಕ್ಕೆ ಒಳ್ಳೆಯ ಉದಾಹರಣೆ ಕಳ್ಳಕ್ಕಡಲ್. ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ಸ್ವಚ್ಛ. ಆದರೂ ಕಡಲು ಕಳ್ಳನ ಹಾಗೆ ಸದ್ದಿಲ್ಲದೆ ಬಂದು ದಡದ ಮೇಲಿನ ದೋಣಿ, ಮನೆಯಂಗಳ ಎಲ್ಲ ನುಂಗುತ್ತದೆ. ಕೇರಳದ ಮೀನುಗಾರರು ಇಟ್ಟ ಹೆಸರು ಇದು. ನಮ್ಮ ಬ್ಯಾರಿಯವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ಕಿಲೋಮೀಟರ್ ತೆಂಕಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪಯಣಿಸಿ ಇಲ್ಲಿಗೆ ಬಂದು ಮುಟ್ಟುವುದೇ ಇದರ ಕಾರಣ, ಮಳೆಗಾಲಕ್ಕೆ ಮೊದಲಿನ ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು ಎಂದು ವಿಜ್ಞಾನಿಗಳು ಕಂಡುಕೊಂಡರು. ಹೆಸರನ್ನು ಮಾತ್ರ ಬದಲಿಸಲಿಲ್ಲ. 2012ರಲ್ಲಿ ಯುನೆಸ್ಕೋ ಅದೇ ಶಬ್ದಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎಚ್ಚರಿಕೆ ಕೊಡುವಾಗಲೂ ಕಳ್ಳಕ್ಕಡಲ್ ಎಂದೇ ಹೇಳುತ್ತದೆ. ಬಲೆ ಹೆಣೆಯುವವರ ಬಾಯಿಯ ಮಾತು ಜಗತ್ತಿನ ವಿಜ್ಞಾನದ ಪುಸ್ತಕ ಸೇರಿತು. ಅವರು ಹೇಳಿದ್ದನ್ನು ಯಾರೋ ಕಿವಿಗೊಟ್ಟು ಕೇಳಿದರು, ಬರೆದಿಟ್ಟರು. ಅಷ್ಟೇ.

ಅದೇ ರೀತಿ ಅನುಭವಕ್ಕೆ ಗೊತ್ತಾಗದ್ದನ್ನು ಯಂತ್ರ ಹೇಳಬೇಕು. 2017ರ ಒಖಿ ಚಂಡಮಾರುತದಲ್ಲಿ ಕೇರಳ, ಕನ್ಯಾಕುಮಾರಿ ಕಡೆಯ ನೂರಾರು ಮೀನುಗಾರರು ಹೋದದ್ದು ಕಡಲು ಗೊತ್ತಿಲ್ಲದೆ ಅಲ್ಲ. ಆಳಕಡಲಿಗೆ ಆಗಲೇ ಹೋಗಿದ್ದವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. 2024ರಲ್ಲಿ ಕೇಂದ್ರ ಸರಕಾರ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆ ಆರಂಭಿಸಿದೆ. ದಡದ ಎಚ್ಚರಿಕೆ ಬೋಟಿಗೆ, ಬೋಟಿನ ಅಪಾಯದ ಕರೆ ದಡಕ್ಕೆ ಮುಟ್ಟಿಸುವ ಉಪಕರಣ ಅದು. ಹಾಕಿಸಿಕೊಂಡರೆ ನಮ್ಮ ಮೀನಿನ ಜಾಗದ ಗುಟ್ಟು ಬೇರೆಯವರಿಗೆ ಗೊತ್ತಾಗುತ್ತದೆ ಎಂದು ಆಫ್ ಮಾಡಿಡುವವರೂ ಇದ್ದಾರಂತೆ. ಗುಟ್ಟು ಉಳಿದು ಜೀವ ಹೋದರೆ ಯಾರಿಗೆ ಲಾಭ?

ತವಕ್ಕುಲ್ ಎಂದರೆ ಇದಲ್ಲ

ಜಾಕೆಟಿನ ಮಾತು ಬಂದಾಗಲೆಲ್ಲ ಕೇಳಿಬರುವ ಉತ್ತರ, ‘ಅಲ್ಲಾಹು ಬರೆದದ್ದು ಆಗ್ತದೆ.’ ಒಪ್ಪಿದೆವು. ಆದರೆ ಒಂಟೆಯನ್ನು ಕಟ್ಟಿಯೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿಯವರು (ಸ) ಕಲಿಸಿದ್ದನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಲೈಫ್ ಜಾಕೆಟಿನ ಗಂಟು ಆ ಒಂಟೆಯ ಹಗ್ಗವೇ. ನೀರಿನಲ್ಲಿ ಮುಳುಗಿ ಹೋದವರಿಗೆ ಶಹೀದರ ದರ್ಜೆ ಇದೆ ಎಂಬುದೂ ಹದೀಸಿನಲ್ಲಿ ಬಂದಿದೆ. ಅದು ಹೋದವರ ಮನೆಯವರಿಗೆ ಸಮಾಧಾನ, ಇರುವವರ ಬೇಜವಾಬ್ದಾರಿಗೆ ಪರವಾನಗಿ ಅಲ್ಲ. ಕಡಲನ್ನು ನಮಗೆ ಅಧೀನಗೊಳಿಸಿ ಅದರಿಂದ ತಾಜಾ ಆಹಾರ ಕೊಟ್ಟದ್ದನ್ನು ಅನುಗ್ರಹ ಎಂದು ನೆನಪಿಸುವ ಕುರ್‌ಆನ್, ಕತ್ತಲಲ್ಲಿ ದಾರಿ ಕಾಣಲು ನಕ್ಷತ್ರಗಳನ್ನು ಇಟ್ಟದ್ದನ್ನೂ ಹೇಳುತ್ತದೆ. ಅಂದರೆ ದಾರಿ ಕಲಿಯುವುದೂ ನಮ್ಮ ಪಾಲಿನ ಕೆಲಸ.

ಒಬ್ಬ ಕಡಲಿನಲ್ಲಿ ಹೋದರೆ ದಡದಲ್ಲಿ ಉಳಿದವರ ಕಷ್ಟ ಬೇರೆಯೇ. ಮಯ್ಯಿತ್ ಸಿಗದಿದ್ದರೆ ಮರಣಪತ್ರ ಸುಲಭವಲ್ಲ. ಕಾಣೆಯಾದವ ಸತ್ತಿದ್ದಾನೆಂದು ಕಾನೂನು ತಾನಾಗಿ ಭಾವಿಸಲು ಏಳು ವರ್ಷ ಸುದ್ದಿ ಇಲ್ಲದೆ ಇರಬೇಕು. ಅಷ್ಟರವರೆಗೆ ಬ್ಯಾಂಕಿನ ಖಾತೆ, ಪಿಂಚಣಿ, ಆಸ್ತಿ ಎಲ್ಲದಕ್ಕೂ ಅಲೆದಾಟ. ಇದ್ದತ್ ಯಾವಾಗ ಶುರು, ಆ ಹೆಣ್ಣುಮಗಳ ಮುಂದಿನ ಬದುಕು ಏನು ಎಂದು ಖಾಝಿಯವರ ಬಾಗಿಲಲ್ಲಿ ನಿಲ್ಲಬೇಕು. ಯಾರು ಯಾರು ಬೋಟು ಹತ್ತಿದ್ದರು ಎಂಬ ಪಟ್ಟಿಯೇ ದಡದಲ್ಲಿ ಇಲ್ಲದಿದ್ದರೆ ಅವ ಆ ಬೋಟಿನಲ್ಲಿದ್ದ ಎಂದು ಸಾಬೀತು ಮಾಡುವುದೇ ದೊಡ್ಡ ಯುದ್ಧ. ಒಂದು ಜಾಕೆಟು, ಒಂದು ಚೀಟಿ ಇಷ್ಟೆಲ್ಲ ತಪ್ಪಿಸಬಲ್ಲದು.

ನಾವೇನು ಮಾಡಬಹುದು

ಮೊದಲನೆಯದು ಮನೆಯ ಕೆಲಸ. ಮಗ ಕಡಲಿಗೆ ಹೋಗುತ್ತೇನೆ ಎಂದರೆ ಬೇಡ ಎನ್ನುವುದಕ್ಕಿಂತ ನಾಲ್ಕು ಪ್ರಶ್ನೆ ಕೇಳಿ. ತಂಡೇಲ ಯಾರು? ಎಲ್ಲರಿಗೂ ಜಾಕೆಟ್ ಉಂಟಾ? ಎಷ್ಟು ಗಂಟೆಗೆ ವಾಪಸ್? ಜೊತೆಗೆ ಯಾರ್ಯಾರು? ಆ ಉತ್ತರವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಕರಾವಳಿ ಕಾವಲು ಪಡೆಯ 1554, ಕರಾವಳಿ ಪೊಲೀಸರ 1093 ನಂಬರಿಗೆ ಕರೆ ಮಾಡಬಹುದು. ಈ ಎರಡು ನಂಬರು ಕಡಲಬದಿಯ ಪ್ರತಿ ಮನೆಯ ಫೋನಿನಲ್ಲೂ ಇರಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇದೆ. ಆ ದಿನಗಳಲ್ಲಿ ‘ಸ್ವಲ್ಪ ಹತ್ತಿರಕ್ಕೆ ಹೋಗಿ ಬರುತ್ತೇವೆ’ ಎಂಬ ಮಾತಿಗೆ ಯಾವ ಉಮ್ಮನೂ ಒಪ್ಪಬಾರದು. ಸೋಮೇಶ್ವರದ ಬಂಡೆಗಳ ಮೇಲೆ ನಿಂತು ಗಾಳ ಹಾಕುವುದಕ್ಕೂ ಇದೇ ಮಾತು.

ಎರಡನೆಯದು ಜಮಾಅತಿನ ಕೆಲಸ. ಕಡಲಬದಿಯ ಪ್ರತಿ ಮಸೀದಿಯಲ್ಲೂ ಮೊಹಲ್ಲಾದ ಲೆಕ್ಕಪುಸ್ತಕ ಇದೆ. ಅದರಲ್ಲಿ ಬೋಟಿಗೆ ಹೋಗುವವರ ಒಂದು ಪುಟ ಇರಲಿ. ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯಡಿ ಮೀನುಗಾರರಿಗೆ ಅಪಘಾತ ವಿಮೆ ಇದೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ. ಹೆಸರು ನೋಂದಾಯಿಸಿದವರಿಗೆ ಮಾತ್ರ ಸಿಗುವ ಹಣ ಅದು. ನಮ್ಮಲ್ಲಿ ಎಷ್ಟು ಮಂದಿಯ ಹೆಸರು ದಾಖಲಾಗಿದೆ? ಜುಮಾ ಕಳೆದ ಮೇಲೆ ಒಂದು ಮೇಜು ಹಾಕಿ, ಕಲಿತ ನಾಲ್ಕು ಹುಡುಗರು ಕೂತರೆ ಒಂದೇ ವಾರದಲ್ಲಿ ಮುಗಿಯುವ ಕೆಲಸ. ನಮ್ಮ ಮಸೀದಿಗೆ ನಮಾಝಿಗೆ ಬರುವ ಹೊರರಾಜ್ಯದ ಕಲಾಸಿಗಳನ್ನೂ, ಬಾರದ ಅವರ ಜೊತೆಗಾರರನ್ನೂ ಈ ಮೇಜಿಗೆ ಕರೆಯೋಣ. ಬೋಟಿನಲ್ಲಿ ಜಾತಿ ಧರ್ಮ ನೋಡಿ ಅಲೆ ಏಳುವುದಿಲ್ಲ.

ಮೂರನೆಯದು ಕಲಿಕೆ. ಬೇಸಿಗೆ ರಜೆಯಲ್ಲಿ ಕಡಲಬದಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಪ್ರತ್ಯೇಕ ವ್ಯವಸ್ಥೆ ಮಾಡಿ, ಈಜು ಕಲಿಸಲು ನಮ್ಮ ಸಂಘಟನೆಗಳು ಮುಂದೆ ಬರಲಿ. ವರ್ಷಕ್ಕೊಮ್ಮೆ ಹಿರಿಯ ತಂಡೇಲರನ್ನು ಕೂರಿಸಿ ಮಾತಾಡಿಸಲಿ. ಗಾಳಿಯ ಹೆಸರು, ನೀರಿನ ಹೆಸರು, ಪಾದೆಗಳ ಹೆಸರು, ಗುರುತಿನ ಗುಡ್ಡಗಳು, ಯಾವ ತಿಂಗಳು ಯಾವ ಮೀನು ಎಂಬುದನ್ನೆಲ್ಲ ಬ್ಯಾರಿಯಲ್ಲೇ ಧ್ವನಿಮುದ್ರಣ ಮಾಡಬಹುದು. ಬ್ಯಾರಿ ಸಾಹಿತ್ಯ ಅಕಾಡಮಿ ಕೈಗೆತ್ತಿಕೊಳ್ಳಲು ತಕ್ಕ ಕೆಲಸ ಇದು. ಕವಿತೆಯಷ್ಟೇ ಇದೂ ನಮ್ಮ ಭಾಷೆಯ ಸೊತ್ತು.

ನಾಲ್ಕನೆಯದು ಅಡುಗೆಮನೆಯದು. ಬೆರಳುದ್ದದ ಬೂತಾಯಿ, ಬಂಗುಡೆ ಮರಿ ಅಗ್ಗಕ್ಕೆ ಬಂದರೆ ಕೊಳ್ಳಬೇಡಿ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, 14 ಸೆಂಟಿಮೀಟರಿಗಿಂತ ಸಣ್ಣ ಬಂಗುಡೆ ಹಿಡಿಯುವುದಕ್ಕೇ ನಿರ್ಬಂಧ ಇದೆ. ರಾತ್ರಿ ಕಣ್ಣು ಕೋರೈಸುವ ಲೈಟು ಬಿಟ್ಟು ಮೀನನ್ನೆಲ್ಲ ಒಂದೇ ಕಡೆ ಸೇರಿಸಿ ಬಾಚುವುದನ್ನು, ಎರಡು ಬೋಟು ಸೇರಿ ಬಲೆ ಎಳೆಯುವ ಬುಲ್ ಟ್ರಾಲನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಅದರ ವಿರುದ್ಧ ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿದೆ. ಮೀನಿನ ವ್ಯಾಪಾರದಲ್ಲಿ ನಮ್ಮವರ ಪಾಲು ದೊಡ್ಡದು: ಏಜೆಂಟರು, ಲಾರಿಯವರು, ಮಾರುಕಟ್ಟೆಯವರು, ಐಸಿನವರು. ಹರಾಮಿನ ತೂಕ ಬೇಡ ಎಂದು ತಕ್ಕಡಿಯಲ್ಲಿ ಜಾಗ್ರತೆ ಮಾಡುವ ನಾವು, ನಾಳೆಯ ಮಕ್ಕಳ ಪಾಲನ್ನು ಇಂದೇ ಬಾಚಿದ ಮೀನನ್ನೂ ಅದೇ ತಕ್ಕಡಿಯಲ್ಲಿಟ್ಟು ನೋಡಬೇಕಲ್ಲವೇ?

ಕೊನೆಯದು ಮರ್ಯಾದೆ. ಯಾರೂ ಖರ್ಚು ಮಾಡಬೇಕಾಗಿಲ್ಲ. ನಿಮ್ಮ ಊರಿನ ಹಿರಿಯ ತಂಡೇಲ ಮದುವೆಗೆ ಬಂದರೆ ಮುಂದಿನ ಸಾಲಿಗೆ ಕರೆಯಿರಿ. ಅವರ ಹತ್ತಿರ ಮಕ್ಕಳನ್ನು ಕೂರಿಸಿ. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಹೊರಡುವ ಮೊದಲು, ಪ್ರತಿ ಮಸೀದಿಯಲ್ಲೂ ಕಡಲಿಗೆ ಹೋಗುವವರಿಗಾಗಿ ದುಆ ಮಾಡುವಾಗ, ಉಸ್ತಾದರು ಒಂದು ಮಾತು ಸೇರಿಸಲಿ: ಜಾಕೆಟ್ ಹಾಕಿಕೊಳ್ಳಿ, ಹೆಸರು ಬರೆಸಿ ಹೋಗಿ, ತಂಡೇಲ ತಿರುಗಿ ಎಂದರೆ ತಿರುಗಿ. ಆ ಮಾತು ಮಿಂಬರಿನಿಂದ ಬಂದರೆ, ತನ್ನ ಜಾಕೆಟಿನ ಮೇಲೆ ಕೂರುವ ಕಾಕಂದಿರೂ ಅದನ್ನು ಮೈಗೆ ತೊಟ್ಟಾರು ಎಂಬ ಆಸೆ ನಮ್ಮದು.